ರಾಘವಾಂಕ ಮಹಾಕವಿಯ ಸಹನೆ

ಅರಸೀಕೆರೆಯಿಂದ ಹೊರಟು ಹಳೇಬೀಡನ್ನು ಕಂಡು ಬೇಲೂರನ್ನು ಸೇರುವ ಯಾತ್ರಿಕನ ಮನಸ್ಸು ಹೊಯ್ಸಳರ ಶಿಲ್ಪವೈಭವಕ್ಕೆ ಸೋಲುವದು ಸಹಜ. ಅರಸೀಕೆರೆಯ ಶಿವಾಲಯ, ಹಳೇಬೀಡಿನ ಹೊಯ್ಸಳೇಶ್ವರ, 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಿತನಾದ ಚೆನ್ನಕೇಶವ ಇವೆಲ್ಲವೂ ಕಣ್ಣಿಗೆ ಹಬ್ಬವೇ ಸರಿ. ಆದರೆ ಇದೇ ಬೇಲೂರಿನಲ್ಲಿ ರಾಘವಾಂಕ ಮಹಾಕವಿಯು ತನ್ನ ಕೊನೆಯ ದಿನಗಳನ್ನು ಕಳೆದು ಶಿವೈಕ್ಯನಾದನೆಂಬ ವೀರಶೈವ ಪರಂಪರೆಯ ಮಾತನ್ನು ಬಲ್ಲವರು ವಿರಳ. ಕಲ್ಲನ್ನು ಕಡೆದವರ ತಾಳ್ಮೆಗೆ ಬೆರಗಾಗುವ ಭಕ್ತನು, ಮನಸ್ಸನ್ನು ಕಡೆದುಕೊಂಡ ಈ ಶಿವಕವಿಯ ತಾಳ್ಮೆಯನ್ನೂ ಅರಿಯುವದು ಉಚಿತವು.

ರಾಘವಾಂಕನು 12ನೆಯ ಶತಮಾನದ ಕೊನೆಯಲ್ಲಿಯೂ 13ನೆಯ ಶತಮಾನದ ಆದಿಯಲ್ಲಿಯೂ ಬಾಳಿದನೆಂದು ವಿದ್ವಾಂಸರು ಎಣಿಸುತ್ತಾರೆ. ತಂದೆ ಮಹಾದೇವಭಟ್ಟ, ತಾಯಿ ರುದ್ರಾಣಿ. ರಗಳೆಗಳ ಕವಿಯಾದ ಹರಿಹರದೇವನು ಅವನಿಗೆ ಸೋದರಮಾವನೂ ಹೌದು, ವಿದ್ಯಾಗುರುವೂ ಹೌದು. ಹರಿಹರದೇವನು ಮೊದಲು ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳ ಅರಸನ ಕರಣಿಕನಾಗಿದ್ದನೆಂದೂ, ಅರಸರ ಲೆಕ್ಕವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಯನ್ನು ಸೇರಿದನೆಂದೂ ಪ್ರತೀತಿಯುಂಟು. ಶಿವನನ್ನೂ ಶಿವಶರಣರನ್ನೂ ಅಲ್ಲದೆ ಅನ್ಯರನ್ನು ಹಾಡಲೊಲ್ಲದ ಆ ಗುರುವಿನ ಬಳಿಯಲ್ಲಿ ರಾಘವಾಂಕನು ಬೆಳೆದನು.

ಪ್ರಾಯದ ಉತ್ಸಾಹದಲ್ಲಿ ಶಿಷ್ಯನು ಆರಿಸಿಕೊಂಡ ವಸ್ತು ಹರಿಶ್ಚಂದ್ರನ ಪುರಾತನ ಕಥೆ. ಹರಿಶ್ಚಂದ್ರನು ಸತ್ಯವಂತನೆಂದು ವಸಿಷ್ಠನು ಇಂದ್ರಸಭೆಯಲ್ಲಿ ನುಡಿಯಲು, ಆತನನ್ನು ಸುಳ್ಳಾಡಿಸುವೆನೆಂದು ವಿಶ್ವಾಮಿತ್ರನು ಪಣತೊಟ್ಟನು. ರಾಜ್ಯ ಹೋಯಿತು, ಋಣ ಉಳಿಯಿತು. ಸಾಲವನ್ನು ಕೇಳಲು ಬೆನ್ನು ಹತ್ತಿದ ನಕ್ಷತ್ರಿಕನು ದಾರಿಯುದ್ದಕ್ಕೂ ಕಾಡಿದರೂ ಅರಸನು ಕಟುನುಡಿಗೆ ಕಟುನುಡಿಯನ್ನು ಮರಳಿಸಲಿಲ್ಲ. ಸತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರಿ, ತಾನೂ ವೀರಬಾಹುವಿಗೆ ಆಳಾಗಿ ಕಾಶಿಯ ಸ್ಮಶಾನವನ್ನು ಕಾಯ್ದನು. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಾಯಿ ಅಲ್ಲಿಗೆ ಬಂದಾಗಲೂ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಅವನು ಬಿಡಲಿಲ್ಲ. ಕೊನೆಗೆ ಕಾಶಿಯ ವಿಶ್ವನಾಥನೇ ಪ್ರತ್ಯಕ್ಷನಾಗಿ ಅವನನ್ನು ಉದ್ಧರಿಸಿದನು. ಸತ್ಯವೂ ಶಿವನೂ ಬೇರೆಯಲ್ಲವೆಂಬುದೇ ಆ ಕಾವ್ಯದ ತಿರುಳು.

ಕಾವ್ಯಕ್ಕೆ ವಿದ್ವತ್ಸಭೆಯ ಮನ್ನಣೆ ದೊರೆಯಿತು. ಆದರೆ ಗುರುವಿನ ಮುಖ ಅರಳಲಿಲ್ಲ. ನಾಲಗೆಯು ಶಿವಸ್ತುತಿಗೆ ಮೀಸಲಾಗಿರಲು ಮರ್ತ್ಯನಾದ ಅರಸನೊಬ್ಬನನ್ನು ಹೊಗಳಿದ್ದೇಕೆಂದು ಹರಿಹರದೇವನು ಕೆರಳಿ ಹೊಡೆದನು. ಆ ಏಟಿಗೆ ರಾಘವಾಂಕನ ಐದು ಹಲ್ಲುಗಳು ಉದುರಿದವೆಂದು ಐತಿಹ್ಯವು ಹೇಳುತ್ತದೆ. ಲೋಕವೆಲ್ಲ ಹೊಗಳುತ್ತಿರುವ ಹೊತ್ತಿನಲ್ಲಿ ತನ್ನವರಿಂದಲೇ ಒದಗಿದ ಅವಮಾನವನ್ನು ತಾಳುವದು ಸುಲಭವೇ? ಹರಿಶ್ಚಂದ್ರನ ಸಹನೆಯನ್ನು ಬಣ್ಣಿಸಿದ ಕವಿಗೆ ಆ ಸಹನೆಯ ಪರೀಕ್ಷೆ ಈಗ ತನ್ನ ಬಾಳಿನಲ್ಲಿಯೇ ಎದುರಾಯಿತು. ವಿಶ್ವಾಮಿತ್ರನ ಪಾತ್ರವನ್ನು ವಹಿಸಿದವನು ಅವನ ಪೂಜ್ಯ ಗುರುವೇ!

ರಾಘವಾಂಕನ ಮುಂದೆ ಎರಡು ದಾರಿಗಳಿದ್ದವು. ಗುರುವನ್ನು ತೊರೆದು ಸಭೆಯ ಮನ್ನಣೆಯನ್ನು ನೆಚ್ಚುವದು ಒಂದು. ಗುರುವಿನ ಕೋಪಕ್ಕೆ ಅಂಜಿ ತನ್ನ ಕಾವ್ಯವನ್ನು ನಿರಾಕರಿಸುವದು ಇನ್ನೊಂದು. ಅವನು ಎರಡನ್ನೂ ಹಿಡಿಯದೆ ಮೂರನೆಯ ದಾರಿಯಲ್ಲಿ ನಡೆದನು. ವಾದಕ್ಕೆ ನಿಲ್ಲದೆ, ಕೊರಗಿ ಕೂರದೆ, ಗುರುವು ಬಯಸಿದ ಕಾಯಕಕ್ಕೆ ಕೈಹಚ್ಚಿದನು. ಸೋಮನಾಥಚರಿತೆ, ಸಿದ್ಧರಾಮಚರಿತೆ, ವೀರೇಶಚರಿತೆ, ಶರಭಚಾರಿತ್ರ, ಹರಿಹರಮಹತ್ವ ಎಂಬ ಐದು ಕೃತಿಗಳನ್ನು ರಚಿಸಲು, ಒಂದೊಂದು ಕೃತಿಗೆ ಒಂದೊಂದರಂತೆ ಕಳೆದ ಹಲ್ಲುಗಳು ಮರಳಿದವಂತೆ. ಈ ಕಥೆಯ ಅಂತರಾರ್ಥವನ್ನು ನೋಡಬೇಕು. ಏಟು ಬಿದ್ದುದು ಒಂದು ಕ್ಷಣದಲ್ಲಿ. ಗಾಯ ಮಾದುದು ಹಲವು ವರ್ಷಗಳ ದುಡಿಮೆಯಲ್ಲಿ. ತಾಳ್ಮೆಯೆಂದರೆ ಬರಿದೆ ಸುಮ್ಮನಿರುವದಲ್ಲ, ನೋವನ್ನು ಸತ್ಕಾರ್ಯವಾಗಿ ಮಾರ್ಪಡಿಸುವದು.

ಸಿದ್ಧರಾಮಚರಿತೆಯಲ್ಲಿ ಅವನು ಚಿತ್ರಿಸಿದ ಬಾಲಕನಲ್ಲಿಯೂ ಈ ಗುಣವೇ ಬೆಳಗುತ್ತದೆ. ಹಸಿದು ಬಂದ ಮಲ್ಲಯ್ಯನಿಗಾಗಿ ಸೊನ್ನಲಿಗೆಯ ಸಿದ್ಧರಾಮನು ಮನೆಗೆ ಓಡಿ ಮಜ್ಜಿಗೆಯನ್ನು ತರುವಷ್ಟರಲ್ಲಿ ಅತಿಥಿಯು ಮಾಯವಾಗಿದ್ದನು. ಬಾಲಕನು ಮುನಿಯಲಿಲ್ಲ; ಅಳುತ್ತ ಅರಸುತ್ತ ಶ್ರೀಶೈಲದವರೆಗೆ ನಡೆದನು. ಮಲ್ಲಿಕಾರ್ಜುನನು ಒಲಿದನು. ಅದೇ ಸಿದ್ಧರಾಮನು ಮುಂದೆ ಕೆರೆಯನ್ನು ಕಟ್ಟಿಸಿ ಲೋಕೋಪಕಾರಿಯಾದನು.

ರಾಘವಾಂಕನು ಮುಂದೆ ಓರುಗಲ್ಲಿನ ಕಾಕತೀಯರ ಆಸ್ಥಾನಕ್ಕೆ ಹೋಗಿ ಪಂಡಿತರನ್ನು ಗೆದ್ದನೆಂದೂ, ಬಳಿಕ ಗುರುವಿನ ಅಪ್ಪಣೆಯಂತೆ ಬೇಲೂರಿಗೆ ಬಂದು ನೆಲೆಸಿದನೆಂದೂ ಹೇಳುವರು. ಗೆದ್ದು ಬಂದ ಮೇಲೆಯೂ ಗುರುವಾಕ್ಯವನ್ನು ಮೀರದಿರುವದು ಏಟನ್ನು ತಾಳುವದಕ್ಕಿಂತಲೂ ಕಠಿನವಾದುದು. 1311ರಲ್ಲಿ ದೆಹಲಿಯ ಸೇನೆ ದೋರಸಮುದ್ರವನ್ನು ಮುತ್ತಿತು. ಆ ಶತಮಾನದಲ್ಲಿಯೇ ಹೊಯ್ಸಳರ ಆಳಿಕೆ ಮುಗಿಯಿತು. ರಾಘವಾಂಕನ ಕೃತಿಗಳಲ್ಲಿಯೂ ಶರಭಚಾರಿತ್ರ, ಹರಿಹರಮಹತ್ವಗಳು ಇಂದು ದೊರೆಯುವದಿಲ್ಲ. ಆದರೆ ಗುರುವು ಒಲ್ಲೆನೆಂದ ಹರಿಶ್ಚಂದ್ರಕಾವ್ಯವು ಉಳಿಯಿತು. ಗುರುಭಕ್ತಿಯಿಂದ ಹುಟ್ಟಿದ ಸಿದ್ಧರಾಮಚರಿತೆಯೂ ಉಳಿಯಿತು. ಗುರುವು ಸರಿಯೋ ಶಿಷ್ಯನು ಸರಿಯೋ ಎಂಬ ವಾದವು ಕಾಲದ ಕೈಯಲ್ಲಿ ತಾನಾಗಿಯೇ ಕರಗಿತು.

ಸಂಸಾರದಲ್ಲಿ ಹಿರಿಯರ ಬಿರುನುಡಿಯೊಂದು ಅನ್ಯಾಯವೆಂದು ತೋರುವ ದಿನ ಯಾರಿಗೆ ಬರುವದಿಲ್ಲ? ಆ ದಿನ ನಾಲಗೆಯು ಎದುರುತ್ತರಕ್ಕೆ ತವಕಿಸುತ್ತದೆ. ಮುನಿದವರ ಮೇಲೆ ತಾವೂ ಮುನಿಯಲಾಗದೆಂಬುದು ಬಸವಣ್ಣನವರ ಬೋಧೆ. ತಾನು ನಂಬಿದ ಸತ್ಯವನ್ನು ಬಿಡದೆ, ಹಿರಿಯರ ಪಾದವನ್ನೂ ಬಿಡದೆ, ಕಾಯಕದಲ್ಲಿ ತೊಡಗಿದವನಿಗೆ ಕಳೆದುದು ಮರಳುವದು. ಬೇಲೂರಿಗೆ ಹೋದ ಭಕ್ತನು ಗುಡಿಯ ಸೊಬಗನ್ನು ಕಂಡು ಹಿಂದಿರುಗುವ ಮುನ್ನ ಆ ಊರಿನಲ್ಲಿ ಐಕ್ಯನಾದ ಕವಿಯನ್ನು ಒಂದು ಕ್ಷಣ ನೆನೆಯಲಿ. ಮನೆಗೆ ಬಂದ ಮೇಲೆ, ಮುನಿದಿರುವ ಹಿರಿಯರೊಬ್ಬರಿದ್ದರೆ, ಅವರ ಬಳಿಗೆ ತಾನೇ ಮೊದಲು ಹೋಗಲಿ.