ಪೀಪಾಯಿ ಹಲಗೆಯ ಕಾಲು

ಕೃತಕ ಕೈಯ ಬೆರಳಾಗಲಿ, ಕಾಲಿನ ಮಂಡಿಯಾಗಲಿ, ಮಡಚದಿದ್ದರೆ ಅದು ಬರೀ ಕೊರಡು. ಇದನ್ನು ಸ್ವಂತ ದೇಹದಲ್ಲೇ ಅನುಭವಿಸಿದವರು ಜೇಮ್ಸ್ ಎಡ್ವರ್ಡ್ ಹ್ಯಾಂಗರ್. 1843ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಇವರು ಹದಿನೆಂಟಕ್ಕೇ ಕಾಲೇಜು ಬಿಟ್ಟು ದಕ್ಷಿಣದವರ ಸೈನ್ಯ ಸೇರಿದರು. ಗುಲಾಮಗಿರಿಯ ಪರ ನಿಂತ ಸೈನ್ಯವದು. ಮಕ್ಕಳೇ, ಅದನ್ನು ನಾವು ಮುಚ್ಚಿಡುವುದಿಲ್ಲ. 1861ರ ಜೂನ್ 3ರಂದು ಫಿಲಿಪ್ಪಿಯಲ್ಲಿ ಫಿರಂಗಿ ಗುಂಡು ಬಡಿದು ಎಡಗಾಲನ್ನೇ ಕತ್ತರಿಸಬೇಕಾಯಿತು.

ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಬಂದವರು ಮಹಡಿಯ ಕೋಣೆ ಸೇರಿ ಯಾರನ್ನೂ ಒಳಗೆ ಬಿಡಲಿಲ್ಲ. ಹುಡುಗ ದುಃಖದಲ್ಲಿದ್ದಾನೆ ಎಂದುಕೊಂಡರಂತೆ ಮನೆಯವರು. ಒಳಗೆ ಅವರು ಪೀಪಾಯಿಯ ಹಲಗೆ ಕೆತ್ತಿ, ಮಂಡಿಗೂ ಪಾದಕ್ಕೂ ಕೀಲು ಕೂರಿಸುತ್ತಿದ್ದರು! ನವೆಂಬರಿನಲ್ಲಿ ಆ ಕಾಲಿನ ಮೇಲೆ ನಡೆದೇ ಮೆಟ್ಟಿಲಿಳಿದು ಬಂದರು.

ಮುಂದೆ ಕಾಲು ಕಳೆದುಕೊಂಡ ಎಷ್ಟೋ ಸೈನಿಕರಿಗೆ ಅಂಥದ್ದನ್ನೇ ಮಾಡಿಕೊಟ್ಟರು. 1919ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕಂಪನಿಯ ಶಾಖೆ ಲಂಡನ್, ಪ್ಯಾರಿಸ್ ಮಾತ್ರವಲ್ಲ, ನಮ್ಮ ಡುಲುತ್ ಪಕ್ಕದ ಅಟ್ಲಾಂಟಾದಲ್ಲೂ ಇತ್ತು.