ಮದರಾಸಿನ ಮೆದುಳಿನ ಡಾಕ್ಟರು ಬಿ. ರಾಮಮೂರ್ತಿ

ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದರೆ ಎದುರಿಗೇ ಕಾಣುವುದು ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ. 1950ರ ಅಕ್ಟೋಬರಿನಲ್ಲಿ ಅಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಶುರು ಮಾಡಿದಾಗ ಡಾ. ಬಿ. ರಾಮಮೂರ್ತಿಯವರಿಗೆ 28 ವರ್ಷ. ನಿಮ್ಮ ಮನೆಯಲ್ಲಿ ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಗುವಿದ್ದರೆ, ಇವರ ಜೀವನದ ಒಂದು ಭಾಗ ನಿಮಗೆ ನೇರವಾಗಿ ಸಂಬಂಧಿಸಿದ್ದು.

ಹುಟ್ಟಿದ್ದು ಶೀರ್ಕಾಳಿಯಲ್ಲಿ, 1922ರಲ್ಲಿ. ಓದಿದ್ದು ಮದರಾಸು ಮೆಡಿಕಲ್ ಕಾಲೇಜಿನಲ್ಲಿ. ಮೆದುಳಿನ ಶಸ್ತ್ರಚಿಕಿತ್ಸೆ ಕಲಿತದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಅವರು ಮರಳಿ ಬಂದಾಗ ಸಿ.ಟಿ. ಸ್ಕ್ಯಾನ್ ಎಂಬುದೇ ಇರಲಿಲ್ಲ. ಮೆದುಳಿನ ಒಳಗಿನ ಪೊಳ್ಳುಗಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆದು ಗಡ್ಡೆ ಎಲ್ಲಿದೆಯೆಂದು ಊಹಿಸಬೇಕಿತ್ತು. ಆ ಗಡ್ಡೆಗಳಲ್ಲಿ ಎಷ್ಟೋ ಕ್ಷಯರೋಗದವು. ಇಂದು ಅಂಥ ಅನೇಕ ಗಡ್ಡೆಗಳು ಮಾತ್ರೆಯಲ್ಲೇ ಕರಗುತ್ತವೆ. 1951ರಲ್ಲಿ ವೆಲ್ಲೂರಿನ ಜೇಕಬ್ ಚಾಂಡಿ ಮತ್ತಿಬ್ಬರ ಜೊತೆ ಸೇರಿ ಭಾರತೀಯ ನರವಿಜ್ಞಾನ ಸಂಘವನ್ನು ಕಟ್ಟಿದರು.

1960ರ ದಶಕದಲ್ಲಿ ಅವರ ವಿಭಾಗಕ್ಕೆ ಇನ್ನೊಂದು ಬಗೆಯ ರೋಗಿಗಳೂ ಬರತೊಡಗಿದರು. ಮೆದುಳು ಜ್ವರ, ಫಿಟ್ಸ್ ಅಥವಾ ಬುದ್ಧಿಮಾಂದ್ಯದ ಜೊತೆಗೆ ವಿಪರೀತ ಚಡಪಡಿಕೆ, ಹೊಡೆತ, ಕಚ್ಚುವಿಕೆ. ಇವರಲ್ಲಿ ಮಕ್ಕಳೂ ಇದ್ದರು. ರಾಮಮೂರ್ತಿ, ವಿ. ಬಾಲಸುಬ್ರಮಣ್ಯಂ, ಟಿ.ಎಸ್. ಕನಕ ಅವರ ತಂಡ ತಲೆಗೆ ಚೌಕಟ್ಟು ಬಿಗಿದು, ಬುರುಡೆಯ ಸಣ್ಣ ರಂಧ್ರದಿಂದ ತೆಳುವಾದ ಸಲಾಕೆಯನ್ನು ಇಳಿಸಿ, ಭಯ ಮತ್ತು ಸಿಟ್ಟಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಬಾದಾಮಿಯಷ್ಟು ಭಾಗವನ್ನು ಎರಡೂ ಬದಿಯಲ್ಲಿ ನಾಶಪಡಿಸುತ್ತಿತ್ತು. ಸುಮಾರು 28 ವರ್ಷಗಳಲ್ಲಿ ವರ್ತನೆಯ ತೊಂದರೆಗೆಂದು ಒಟ್ಟು 600ಕ್ಕೂ ಹೆಚ್ಚು ಮೆದುಳಿನ ಶಸ್ತ್ರಚಿಕಿತ್ಸೆಗಳಾದವೆಂದು 1988ರಲ್ಲಿ ರಾಮಮೂರ್ತಿಯವರೇ ವರದಿ ಮಾಡಿದರು. ಹೆಚ್ಚಿನವರು ಸುಧಾರಿಸಿದರೆಂಬುದು ಅವರ ಲೆಕ್ಕ.

ಆದರೆ ಸುಧಾರಣೆ ಎಂದರೆ ಏನು? ಮಗು ಸುಮ್ಮನಾಯಿತೇ ಎಂದು ನೋಡಿದರು. ಕಲಿಯಿತೇ, ನೋವಿದ್ದರೆ ಹೇಳಲು ಬಂತೇ ಎಂಬುದು ಮುಖ್ಯ ಅಳತೆಯಾಗಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದವರೂ ಫಲಿತಾಂಶ ಅಳೆದವರೂ ಒಂದೇ ತಂಡ. ದಣಿದು ಹೋದ ತಂದೆತಾಯಿಗೆ ಆಗ ಬೇರೆ ದಾರಿ ಕಡಿಮೆ ಇತ್ತು, ಅದನ್ನು ಮರೆಯಬಾರದು. ಆದರೂ ಈ ಅಳತೆ ನನಗೆ ಸಾಲದು ಅನ್ನಿಸುತ್ತದೆ.

ಔಷಧಿಯ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಫಿಟ್ಸ್‌ಗೆ ಧಾರಾಳವಾಗಿ ಕೊಡುತ್ತಿದ್ದ ಫಿನೋಬಾರ್ಬಿಟೋನ್ ಕೆಲವು ಮಕ್ಕಳಲ್ಲಿ ಚಡಪಡಿಕೆಯನ್ನು ತಾನೇ ಹೆಚ್ಚಿಸುತ್ತದೆ. ನಿಮ್ಮ ಮಗು ಇದ್ದಕ್ಕಿದ್ದಂತೆ ಹೊಡೆಯಲು, ಕಚ್ಚಲು ಶುರು ಮಾಡಿದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ದೆಗೇಡು ಇದೆಯೇ, ಹೊಸ ಮಾತ್ರೆ ಶುರುವಾಗಿದೆಯೇ ಎಂದು ಮೊದಲು ಡಾಕ್ಟರ ಹತ್ತಿರ ವಿಚಾರಿಸಿ. ಫಿಟ್ಸ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ವರ್ತನೆಯ ತರಬೇತಿಯ ಜೊತೆಗೆ ಬೇಕಾದರೆ ರಿಸ್ಪೆರಿಡೋನ್‌ನಂಥ ಮಾತ್ರೆ ಬರೆದುಕೊಡುತ್ತಾರೆ. ಅದರಿಂದ ಮಂಪರು ಬರಬಹುದು, ತೂಕ ಏರಬಹುದು.

ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ ರಾಮಮೂರ್ತಿ ಅಡ್ಯಾರಿನ ವಿ.ಎಚ್.ಎಸ್. ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಾ ಕೇಂದ್ರವನ್ನು ಬೆಳೆಸಿದರು. ಯೋಗ, ಪ್ರಜ್ಞೆ ಇವುಗಳ ಬಗ್ಗೆಯೂ ಅವರಿಗೆ ಆಸಕ್ತಿ ಇತ್ತು. 2003ರ ಡಿಸೆಂಬರ್ 13ರಂದು ತೀರಿಕೊಂಡರು.

ಆಮೇಲೆ ಬಂದ ಕಾನೂನು ನಿಮಗೆ ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮಾನಸಿಕ ಕಾಯಿಲೆಗೆಂದು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಲು ರೋಗಿಯ ತಿಳಿದುಕೊಟ್ಟ ಒಪ್ಪಿಗೆಯೂ ಮಂಡಳಿಯ ಅನುಮತಿಯೂ ಬೇಕು. ಅಂಗವಿಕಲರ ಮೇಲೆ ಸಂಶೋಧನೆ ನಡೆಸಬೇಕಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅವರಿಗೆ ಅರ್ಥವಾಗುವ ರೀತಿಯಲ್ಲಿ ಕೇಳಿ ಪಡೆದ ಒಪ್ಪಿಗೆ ಬೇಕು, ಜೊತೆಗೆ ಒಂದು ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಅಂಗವಿಕಲರೋ ಅವರ ನೋಂದಾಯಿತ ಸಂಘಗಳ ಸದಸ್ಯರೋ ಆಗಿರಬೇಕು. ಯಾರಾದರೂ ನಿಮ್ಮ ಮಗುವನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆಂದು ಫಾರಂ ಚಾಚಿದರೆ, ಸಹಿಗೆ ಮೊದಲು ಆ ಅನುಮತಿ ಪತ್ರ ತೋರಿಸಿ ಎಂದು ಕೇಳಿ.