ಜೇಮ್ಸ್ ಯೂಯಿಂಗ್

ಕಳೆದ ವರ್ಷ ಐರಣಿಯಲ್ಲಿ ನಮ್ಮ ಕಾಕಾನ ಮಗನಿಗೆ ಮೊಳಕಾಲ ಕೆಳಗೆ ಬಾವು ಬಂದಿತು. ಆಟದಲ್ಲಿ ಬಿದ್ದ ಪೆಟ್ಟೆಂದು ತಿಳಿದು ನಾವು ಮೂರು ತಿಂಗಳು ಎಣ್ಣೆ ತಿಕ್ಕಿದೆವು. ಕಡೆಗೆ ಗಡ್ಡೆಯ ಚೂರನ್ನು ತೆಗೆದು ಪರೀಕ್ಷಿಸಿದ ವೈದ್ಯರು, ಅದು ಯೂಯಿಂಗ್ ಸಾರ್ಕೋಮವೆಂಬ ಮೂಳೆಯ ಕ್ಯಾನ್ಸರ್ ಎಂದು ತಿಳಿಸಿದರು. ಈ ಯೂಯಿಂಗ್ ಯಾರೆಂದು ಅರಸಿದಾಗ ದೊರೆತ ಜೀವನವೃತ್ತಾಂತವನ್ನು ವಾಚಕಮಿತ್ರರ ಮುಂದಿಡುತ್ತಿದ್ದೇನೆ.

ಜೇಮ್ಸ್ ಯೂಯಿಂಗರು 1866ನೆಯ ಡಿಸೆಂಬರ್ 25ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದರು. 14ರ ಪ್ರಾಯದಲ್ಲಿ ಮೂಳೆಯಲ್ಲಿ ಕೀವಾಗುವ ರೋಗಕ್ಕೆ ತುತ್ತಾಗಿ ಎರಡು ವರ್ಷ ಹಾಸಿಗೆ ಹಿಡಿದರು; ಮುಂದೆ ಕುಂಟುತ್ತಲೇ ನಡೆಯಬೇಕಾಯಿತು. ಆದರೂ ಎದೆಗುಂದದೆ 1888ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಪದವಿಯನ್ನೂ, 1891ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯಪದವಿಯನ್ನೂ ಪಡೆದರು. 1899ರಲ್ಲಿ ಕಾರ್ನೆಲ್ ವೈದ್ಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. 1919ರಲ್ಲಿ ಅವರು ಬರೆದ ಬೃಹದ್ಗ್ರಂಥವು ಕ್ಯಾನ್ಸರ್ ಗಡ್ಡೆಗಳ ಅಭ್ಯಾಸಕ್ಕೆ ಆಧಾರವಾಯಿತು.

14 ವರ್ಷದ ಬಾಲಿಕೆಯೊಬ್ಬಳ ಮುಂಗೈ ಮೂಳೆಯ ಗಡ್ಡೆ ರೇಡಿಯಮ್ ಕಿರಣಕ್ಕೆ ಕುಗ್ಗಿದ್ದನ್ನು ಅವರು ಕಂಡರು. ಸಾಮಾನ್ಯ ಮೂಳೆಯ ಕ್ಯಾನ್ಸರ್ ಹಾಗೆ ಕುಗ್ಗುವುದಿಲ್ಲ. ಇಂಥವೇ ಹಲವು ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದು ಬೇರೆಯೇ ರೋಗವೆಂದು 1921ರಲ್ಲಿ ಪ್ರಕಟಿಸಿದರು. ಅದು ರಕ್ತನಾಳದ ಒಳಪದರಿನಿಂದ ಹುಟ್ಟುತ್ತದೆಂಬ ಅವರ ಊಹೆ ಮುಂದೆ ನಿಲ್ಲಲಿಲ್ಲ. ಪ್ರತ್ಯೇಕ ರೋಗವೆಂಬ ನಿರ್ಣಯ ಮಾತ್ರ ನಿಂತಿತು. ಆದರೆ ಕುಗ್ಗಿದ ಗಡ್ಡೆ ಶ್ವಾಸಕೋಶದಲ್ಲಿ ಮತ್ತೆ ತಲೆಯೆತ್ತುತ್ತಿತ್ತು. 1943ನೆಯ ಮೇ 16ರಂದು ಯೂಯಿಂಗರು ತಾವೂ ಕ್ಯಾನ್ಸರಿನಿಂದಲೇ ತೀರಿಕೊಂಡರು. ಆ ಕಾಲದಲ್ಲಿ ಈ ರೋಗಿಗಳಲ್ಲಿ ಹತ್ತಕ್ಕೆ ಒಬ್ಬರು ಬದುಕುಳಿದರೆ ಹೆಚ್ಚು.

ಅವರು ಕಾಣದ ಔಷಧ ನಮ್ಮ ಹಿತ್ತಲ ಗಿಡವೊಂದರಲ್ಲಿತ್ತು. ನಿತ್ಯಪುಷ್ಪದ ಎಲೆ ಸಿಹಿಮೂತ್ರಕ್ಕೆ ಮದ್ದೆಂಬ ನಾಡಮಾತನ್ನು ಪರೀಕ್ಷಿಸಹೊರಟ ಕೆನಡಾದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು, ಅದರ ಸಾರವು ರಕ್ತದ ಬಿಳಿಕಣಗಳನ್ನು ತಗ್ಗಿಸುವುದನ್ನು ಕಂಡರು. 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸತ್ವ ಬೆಳಕಿಗೆ ಬಂದಿತು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಜೀವಕೋಶವು ಇಬ್ಭಾಗವಾಗಲು ಬೇಕಾದ ಸೂಕ್ಷ್ಮ ಎಳೆಗಳು ಕೂಡಿಕೊಳ್ಳದಂತೆ ಅದು ತಡೆಯುತ್ತದೆ. ಅದನ್ನು ಇತರ ಔಷಧಗಳು, ಶಸ್ತ್ರಕ್ರಿಯೆ ಮತ್ತು ಕಿರಣ ಚಿಕಿತ್ಸೆಯೊಡನೆ ಕೊಡುವುದರಿಂದ, ಹರಡುವ ಮುನ್ನವೇ ರೋಗ ಗೊತ್ತಾದವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಇಂದು ಐದು ವರ್ಷ ದಾಟುತ್ತಾರೆ.

ಇದನ್ನು ಕೇಳಿ ಊರಿನ ಹಿರಿಯರೊಬ್ಬರು, ಹಾಗಾದರೆ ಎಲೆಯ ರಸವನ್ನೇ ಕುಡಿಸಿ ಎಂದರು. ನಾವು ಕುಡಿಸಲಿಲ್ಲ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ಪಡೆಯಲು ನೂರಾರು ಕಿಲೋ ಒಣಗಿದ ಎಲೆ ಬೇಕು. ಹಸಿ ಎಲೆಯಲ್ಲಿ ವಿಷವೂ ಇದೆ. ಗಿಡ ಹಿತ್ತಲಲ್ಲಿದ್ದ ಮಾತ್ರಕ್ಕೆ ಮದ್ದು ಕೈಗೆ ಬಂದಂತಲ್ಲ. ರೋಗ ಯಾವುದೆಂದು ಮೊದಲು ಗುರುತಿಸಬೇಕು. ಯೂಯಿಂಗರು ಬಾಳೆಲ್ಲ ಮಾಡಿದ್ದು ಆ ಕೆಲಸವನ್ನೇ. ನಮ್ಮ ಹುಡುಗ ಈಗ ಚಿಕಿತ್ಸೆಯಲ್ಲಿದ್ದಾನೆ. ನಾವು ಕಳೆದುಕೊಂಡ ಆ ಮೂರು ತಿಂಗಳನ್ನು ಮತ್ತಾವ ಮನೆಯವರೂ ಕಳೆದುಕೊಳ್ಳದಿರಲೆಂದೇ ಈ ಲೇಖನ.